ಏಳೂವರೆ ಗಂಟೆಯ ದಾರಿ

ಫೆಬ್ರವರಿ 3

ಅತ್ತೆಯವರಿಗೆ ನಮಸ್ಕಾರ.

ಈ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು. ನಿಮ್ಮ ಮಗ ಹೋದಮೇಲೆ ಏಳು ವರ್ಷ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿರುವುದು ನನಗಾಗಿ ಅಲ್ಲ, ಮರಿಗಾಗಿ.

ಅವಳ ಶಾಲೆಯಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ದಾರೆ. ಬೇರೆ ಊರಿನಲ್ಲಿರುವ ಸಂಬಂಧಿಕರೊಬ್ಬರನ್ನು ಆರಿಸಿಕೊಂಡು, ಎರಡು ಊರುಗಳ ನಡುವೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿಕೊಂಡು ಬರಬೇಕಂತೆ. ಪುಸ್ತಕದಲ್ಲಿ ನೋಡಿಕೋ ಎಂದೆ. "ಅಜ್ಜಿ ಟಿಕೆಟ್ ಅಂಗಡಿ ಇಟ್ಟಿದ್ದಾರಲ್ಲ, ಪುಸ್ತಕ ಯಾಕೆ?" ಎಂದಳು. ನಾನು ಯಾವಾಗಲೋ ಬಾಯಿತಪ್ಪಿ ಹೇಳಿದ್ದನ್ನು ಗಂಟು ಕಟ್ಟಿ ಇಟ್ಟುಕೊಂಡಿದ್ದಾಳೆ.

ಫೋನ್ ಮಾಡಬಹುದಿತ್ತು. ಮಾಡಿದರೆ ಇಬ್ಬರೂ ಸುಮ್ಮನೆ ಹಿಡಿದುಕೊಂಡು ನಿಂತಿರುತ್ತೇವೆ ಎಂದು ಗೊತ್ತು. ಎರಡು ಅಂಕಿ ಬರೆದು ಕಳಿಸಿದರೆ ಸಾಕು. ಬೇರೇನೂ ಬರೆಯಬೇಕೆಂದಿಲ್ಲ.

ನಿಮ್ಮ ಸೊಸೆ


ಫೆಬ್ರವರಿ 17

ಸೊಸೆಗೆ ಆಶೀರ್ವಾದ.

ಎರಡು ಅಂಕಿ ಸಾಕು ಅಂತ ಬರೆದಿದ್ದೀಯ. ಅಂಕಿ ಕೊಟ್ಟು ಸುಮ್ಮನಿರುವುದಾಗಿದ್ದರೆ ನಾನು ಈ ವ್ಯಾಪಾರದಲ್ಲಿ ಇರುತ್ತಿರಲಿಲ್ಲ. ಬೇರೆಯವರ ಟಿಕೆಟ್ ಆಫೀಸಿನಲ್ಲಿ ಕಸ ಗುಡಿಸುತ್ತಾ, ಗುಮಾಸ್ತರು ಮಾತಾಡುವುದನ್ನು ಕಿವಿಗೆ ಹಾಕಿಕೊಂಡು ಕೆಲಸ ಕಲಿತವಳು ನಾನು. ಬಾಯಿ ಮುಚ್ಚಿಕೊಂಡಿದ್ದರೆ ಇವತ್ತಿಗೂ ಪೊರಕೆ ಹಿಡಿದುಕೊಂಡೇ ಇರುತ್ತಿದ್ದೆ.

ಮೊಮ್ಮಗಳಿಗೆ ಹೇಳು: ಆರು ಸಾವಿರದ ನಾನೂರು ಕಿಲೋಮೀಟರ್. ವಿಮಾನ ಗಂಟೆಗೆ ಎಂಟುನೂರು ಹೋಗುತ್ತದೆ ಅಂತ ಹಿಡಿ, ಎಂಟು ಗಂಟೆಯಾಯಿತು. ಮೇಲೆ ಏರುವುದಕ್ಕೂ ಕೆಳಗೆ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಸೇರಿಸು. ಎಂಟೂವರೆ. ವೇಳಾಪಟ್ಟಿಯಲ್ಲಿ ಏಳೂವರೆ ಅಂತ ಬರೆದಿರುತ್ತಾರೆ, ಆ ಒಂದು ಗಂಟೆ ಹಿಂದಿನಿಂದ ತಳ್ಳುವ ಗಾಳಿಯ ಖಾತೆಗೆ ಹೋಗುತ್ತದೆ. ಗಾಳಿಯನ್ನು ನೆಚ್ಚಿಕೊಂಡು ಲೆಕ್ಕ ಬರೆಯಬಾರದು, ಅದಕ್ಕೇ ನಾನು ಎಂಟೂವರೆಯನ್ನೇ ಹೇಳುತ್ತೇನೆ.

ದೂರ ಹೇಗೆ ಗೊತ್ತಾಯಿತು ಅಂತ ಕೇಳಿದರೆ, ಅಂಗಡಿಯ ಗೋಡೆಯ ಮೇಲಿನ ನಕ್ಷೆ ನಿನಗೆ ನೆನಪಿರಬೇಕು. ಗುಂಡಿ ಹೊಲಿಯುವ ದಾರವನ್ನು ಆ ಊರಿಂದ ಈ ಊರಿಗೆ ಎಳೆಯುವುದು, ಬೆರಳಿನಿಂದ ಅಳೆಯುವುದು. ಒಂದು ಬೆರಳಿಗೆ ಇನ್ನೂರು ಕಿಲೋಮೀಟರ್. ನನ್ನ ಬೆರಳಲ್ಲ, ಆ ನಕ್ಷೆಯನ್ನು ಅಂಟಿಸಿದವನ ಬೆರಳು. ಆಗ ಅವನಿಗೆ ಎಂಟು ವರ್ಷ, ಸ್ಟೂಲಿನ ಮೇಲೆ ನಿಂತು, "ಅಮ್ಮಾ, ಇನ್ಮೇಲೆ ಯಾರನ್ನೂ ಕೇಳಬೇಡ, ಬೆರಳು ಇಡು ಸಾಕು" ಅಂದಿದ್ದ. ಅವನ ಬೆರಳಿನಷ್ಟೇ ಅಗಲದ ಒಂದು ಮರದ ಚೂರು ಕೆತ್ತಿಸಿ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು. ಯಾವತ್ತಾದರೂ ಈ ಕಡೆ ಬರುವ ಯೋಚನೆಯಿದ್ದರೆ ನೇರ ವಿಮಾನ ಹತ್ತಬೇಡಿ. ಉತ್ತರಕ್ಕೆ ಸುತ್ತು ಹಾಕಿ, ನಡುವಿನ ಚಳಿಯೂರಿನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು. (ಅದರ ನಿಜವಾದ ಹೆಸರು ಹೇಳಲು ನನಗೆ ನಾಲಿಗೆ ತಿರುಗುವುದಿಲ್ಲ, ಅಲ್ಲಿಂದ ಬಂದವರೆಲ್ಲ ಮೂಗು ಒರೆಸಿಕೊಳ್ಳುತ್ತಾ ಬರುತ್ತಾರೆ, ಅದಕ್ಕೇ ಈ ಹೆಸರು.) ಹೊತ್ತು ಹೆಚ್ಚು ಹಿಡಿಯುತ್ತದೆ. ಹಿಡಿಯಲಿ.

ಮೊಮ್ಮಗಳು ಎಷ್ಟೆತ್ತರ ಆಗಿದ್ದಾಳೆ? ಬಾಗಿಲ ಚಿಲಕಕ್ಕೆ ಕೈ ಎಟಕುತ್ತದೆಯೆ?

ನಿನ್ನ ಅತ್ತೆ


ಮಾರ್ಚ್ 8

ಅತ್ತೆಯವರಿಗೆ ನಮಸ್ಕಾರ.

ಚಿಲಕಕ್ಕೆ ಕೈ ಎಟಕುತ್ತದೆ. ಮೇಲಿನ ಚಿಲಕಕ್ಕೂ, ಕುರ್ಚಿ ಇಟ್ಟುಕೊಂಡರೆ.

ನಿಮ್ಮ ಉತ್ತರಕ್ಕೆ ಅವಳಿಗೆ ತಪ್ಪು ಗುರುತು ಬಿತ್ತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಐದು ಸಾವಿರದ ಆರುನೂರು ಕಿಲೋಮೀಟರ್, ಏಳೂವರೆ ಗಂಟೆ ಎಂದು ತಿದ್ದಿದ್ದಾರೆ. ನಲವತ್ತು ವರ್ಷ ಟಿಕೆಟ್ ಮಾರಿದವರು ತಪ್ಪು ಹೇಳ್ತಾರಾ ಎಂದು ಅಲ್ಲಿ ಮೇಷ್ಟ್ರ ಹತ್ತಿರ ವಾದ ಮಾಡಿ ಬಂದಳು. ಮನೆಗೆ ಬಂದು ನಿಮ್ಮ ವಿರುದ್ಧ ವಾದ ಶುರುಮಾಡಿದಳು. "ಹೋಗುವಾಗ ತಳ್ಳುವ ಗಾಳಿ ಬರುವಾಗ ತಡೀಬೇಕಲ್ವಾ ಅಮ್ಮಾ? ಬರೋ ವಿಮಾನಕ್ಕೂ ಏಳೂವರೆನೇ ಇದೆ." ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು, ಗಾಳಿಯ ವಿಷಯ ನನಗೇನು ಗೊತ್ತು.

ಎರಡು ಅಂಕಿ ಸಾಕು ಎಂದು ಬರೆದವಳು ನಾನೇ. ಆದರೆ ನಿಮ್ಮ ಕಾಗದದಲ್ಲಿ ಆ ಬೆರಳಿನ ಮಾತು ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ನಿಮ್ಮ ಕೈ ಮುರಿದಿತ್ತೆಂದು ಅಂಗಡಿ ನೋಡಿಕೊಳ್ಳಲು ಅಲ್ಲಿಗೆ ಬಂದಿದ್ದ ಮರಿಯ ಅಪ್ಪ, ಅವಳ ಮೊದಲ ಹುಟ್ಟುಹಬ್ಬಕ್ಕೆಂದು ವಾಪಸ್ ಹೊರಟಿದ್ದರು. ನಾನು ಮರಿಯನ್ನು ಎತ್ತಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಬೋರ್ಡಿನಲ್ಲಿ "ಇಳಿದಿದೆ" ಎಂದು ಬಂತು. ಅಪ್ಪ ಬಂದ್ರು ನೋಡು ಎಂದು ಮಗುವಿಗೆ ತೋರಿಸಿದೆ. ಒಬ್ಬೊಬ್ಬರಾಗಿ ಎಲ್ಲರೂ ಹೊರಗೆ ಬಂದರು. ವಿಮಾನದಲ್ಲಿ ಊಟದ ತಟ್ಟೆ ತೆಗೆಯುವ ತನಕ ಅವರು ಪಕ್ಕದವರ ಹತ್ತಿರ ಮಗಳ ವಿಷಯ ಮಾತಾಡುತ್ತಿದ್ದರಂತೆ. ಆಮೇಲೆ ಹೊದಿಕೆ ಎಳೆದುಕೊಂಡರಂತೆ. ಹೊರಟು ನಾಲ್ಕು ಗಂಟೆಯಾದಾಗ ಹೃದಯ ನಿಂತಿದೆ ಎಂದು ವಿಮಾನದಲ್ಲಿದ್ದ ಡಾಕ್ಟರೊಬ್ಬರು ಬರೆದುಕೊಟ್ಟರು. ಉಳಿದ ಮೂರೂವರೆ ಗಂಟೆ ಅದೇ ಸೀಟಿನಲ್ಲಿ, ಬೆಲ್ಟ್ ಕಟ್ಟಿಕೊಂಡು, ಕೂತು ಬಂದರು. ಅವರ ಪೆಟ್ಟಿಗೆ ಎಲ್ಲರ ಪೆಟ್ಟಿಗೆಯ ಜೊತೆಗೇ ಬಂದು ಬೆಲ್ಟಿನ ಮೇಲೆ ಸುತ್ತುತ್ತಲೇ ಇತ್ತು. ಆಸ್ಪತ್ರೆಯ ಕಾಗದದಲ್ಲಿ "ಸ್ಥಳ" ಎನ್ನುವ ಕಡೆ ಏನು ಬರೆಯಬೇಕೆಂದು ತಿಳಿಯದೆ "ಆಕಾಶ" ಎಂದು ಬರೆದರು.

ಊರಿನವರನ್ನೆಲ್ಲ ಸಾವಿಗೂ ಮದುವೆಗೂ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ನೀವು, ನಿಮ್ಮ ಮಗನ ಮಣ್ಣಿಗೆ ಬರಲಿಲ್ಲ. ಯಾಕೆ ಎಂದು ನಾನು ಆವತ್ತು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ನಿಮ್ಮ ಸೊಸೆ


ಮಾರ್ಚ್ 24

ಸೊಸೆಗೆ ಆಶೀರ್ವಾದ.

ಮೊಮ್ಮಗಳು ವಕೀಲೆಯಾಗುವ ಲಕ್ಷಣ ಇದೆ. ಎರಡೂ ಕಡೆಯವರ ವಿರುದ್ಧ ವಾದ ಮಾಡುವವರು ಮುಂದೆ ಬರುತ್ತಾರೆ. ವಕೀಲಮ್ಮನವರಿಗೆ ಹೇಳು, ಗಾಳಿ ಅಂದರೆ ಸರ್ಕಾರಿ ಆಫೀಸಿದ್ದ ಹಾಗೆ. ಇವತ್ತು ಈ ಕಡೆ, ನಾಳೆ ಆ ಕಡೆ. ಮೇಷ್ಟ್ರು ಪುಸ್ತಕ ನೋಡಿ ಹೇಳಿದ್ದಾರೆ, ನಾನು ದಾರ ಎಳೆದು ಹೇಳಿದ್ದೇನೆ.

ಇಲ್ಲಿ ವ್ಯಾಪಾರ ಪರವಾಗಿಲ್ಲ. ಹೋದ ವಾರ ಒಬ್ಬ ಸಂಗೀತಗಾರ ಬಂದಿದ್ದ. ತನ್ನಷ್ಟೇ ಎತ್ತರದ ವಾದ್ಯ. ಸಾಮಾನಿನ ಜೊತೆ ಹಾಕಲು ಜೀವ ಬರುವುದಿಲ್ಲವಂತೆ. ಪಕ್ಕದ ಸೀಟನ್ನೂ ಅವನ ಹೆಸರಿಗೇ ತೆಗೆದುಕೊಟ್ಟೆ. ಇಂಥದ್ದಕ್ಕೆ ಅವಕಾಶವಿದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. ವಾದ್ಯಕ್ಕೂ ಬೆಲ್ಟ್ ಕಟ್ಟಿ, ನೀರು ಬೇಕಾ ಅಂತ ಕೇಳಿದರಂತೆ.

ನಮ್ಮ ಬೀದಿಯ ಹಲ್ಲಿನ ಡಾಕ್ಟರು ಮುಂದಿನ ತಿಂಗಳು ನಿಮ್ಮೂರಿಗೆ ಯಾವುದೋ ಸಭೆಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಮೊಮ್ಮಗಳಿಗೆ ಬಣ್ಣದ ಪೆನ್ಸಿಲಿನ ಡಬ್ಬಿ ಕಳಿಸುತ್ತೇನೆ. ಒಳ್ಳೆಯವರು, ಬಾಯಿ ಸ್ವಲ್ಪ ಸಡಿಲ. ಬೇರೆಯವರ ಬಾಯಿ ತೆರೆಸಿ ತೆರೆಸಿ ತಮ್ಮದನ್ನು ಮುಚ್ಚುವುದು ಮರೆತಿದ್ದಾರೆ.

ನೀನು ಕೇಳಿದ್ದನ್ನು ಓದಿದೆ.

ಬೆಳಿಗ್ಗೆ ಹತ್ತಕ್ಕೆ ನಿಮ್ಮೂರಿನ ವಿಮಾನ ಅಂಗಡಿಯ ಮೇಲೆಯೇ ಹೋಗುತ್ತದೆ. ಕಪಾಟಿನ ಗಾಜು ಅದುರುತ್ತದೆ. ಪಕ್ಕದ ಬೀಗ ರಿಪೇರಿಯವನು ತಲೆ ಎತ್ತುವುದೂ ಇಲ್ಲ. ರೂಢಿ.

ನಿನ್ನ ಅತ್ತೆ


ಏಪ್ರಿಲ್ 22

ಅತ್ತೆ,

ಡಾಕ್ಟರು ಬಂದಿದ್ದರು. ಪೆನ್ಸಿಲ್ ಡಬ್ಬಿ ಕೊಟ್ಟು, ಕಾಫಿ ಕುಡಿಯುತ್ತಾ ಚಳಿಯೂರಿನಲ್ಲಿ ಅರ್ಧ ದಿನ ಕಾದ ಕಥೆ ಹೇಳಿದರು. "ಹಲ್ಲು ಕೀಳೋಕೂ ಇಷ್ಟು ಹೊತ್ತು ಕಾಯ್ಸಲ್ಲಮ್ಮ ನಾನು. ನಿಮ್ಮತ್ತೆ ಅಂಗಡೀಲಿ ನಿಮ್ಮೂರಿಗೆ ನೇರ ಟಿಕೆಟ್ ಕೇಳಿದ್ರೆ ಸಿಗೋದೇ ಇಲ್ಲ. ನೇರ ವಿಮಾನ ಚೆನ್ನಾಗಿಲ್ಲ ಅಂತಾರೆ. ಸೀಟು ಭರ್ತಿ ಅಂತಾರೆ. ಹಟ ಮಾಡಿದ್ರೆ ಪಕ್ಕದ ಬೀದಿಗೆ ಹೋಗಿ ಅಂತಾರೆ. ಇಡೀ ಊರನ್ನ ಸುತ್ತು ಹಾಕಿಸ್ತಿದ್ದಾರೆ."

ನಾನು ನಕ್ಕೆ. ಅವರು ನಗಲಿಲ್ಲ. "ಗೋಡೆ ಮೇಲೆ ಒಂದು ದಾರ ಇದೆ, ತೆಗೆಯೋದೇ ಇಲ್ಲ. ನಡುವೆ ನೀಲಿ ಮೇಲೆ ಒಂದು ಗುಂಡುಸೂಜಿ ಚುಚ್ಚಿದ್ದಾರೆ. ಮಧ್ಯಾಹ್ನ ಎರಡಕ್ಕೆ ಯಾರಿದ್ರೂ ಸರಿ, ಬಾಗಿಲು ಎಳ್ಕೊಂಡು ಹತ್ತು ನಿಮಿಷ ಅದರ ಮುಂದೆ ಕೂತಿರ್ತಾರೆ. ನಿದ್ದೆ ಅಂದ್ಕೊಂಡಿದ್ವಿ ಎಲ್ಲ."

ಅವರು ಹೋದಮೇಲೆ ನಾನು ಲೆಕ್ಕ ಹಾಕಿದೆ, ಅತ್ತೆ. ವಿಮಾನ ಹತ್ತಕ್ಕೆ ಹೊರಡುತ್ತದೆ. ಹತ್ತಕ್ಕೆ ನಾಲ್ಕು ಸೇರಿಸಿದರೆ ಎರಡು.

ಯಾಕೆ ಬರಲಿಲ್ಲ ಎಂದು ಇನ್ನು ಕೇಳುವುದಿಲ್ಲ. ನಿಮಗೆ ಒಂದು ಜಾಗವಾದರೂ ಇದೆ. ಏಳು ವರ್ಷದಿಂದ ನಾನು ಆ "ಆಕಾಶ" ಎನ್ನುವ ಮಾತನ್ನು ಇಟ್ಟುಕೊಂಡು ಕೂತಿದ್ದೇನೆ.

ಮರಿಗೆ ಈ ಯಾವುದನ್ನೂ ಹೇಳಿಲ್ಲ. ಅವಳದು ಒಂದೇ ಬೇಡಿಕೆ. ಅವಳ ಹುಟ್ಟುಹಬ್ಬವನ್ನು ನಾವು ಒಂದು ಸಲವೂ ಮಾಡಿಲ್ಲ, ಆ ದಿನ ಬಂದರೆ ನಾನು ಮಂಕಾಗಿಬಿಡುತ್ತೇನೆ. ಈ ಆಗಸ್ಟ್ ಮೂವತ್ತಕ್ಕೆ ಎಂಟು ತುಂಬುತ್ತದೆ. "ಅಜ್ಜಿ ಬಂದ್ರೆ ಮಾಡೋಣ, ಬರದಿದ್ರೆ ಬೇಡ" ಎಂದಿದ್ದಾಳೆ. ಅವಳ ಮಾತು ಅವಳ ಅಪ್ಪನ ಮಾತಿದ್ದ ಹಾಗೆ, ಒಮ್ಮೆ ಆಡಿದರೆ ಆಯಿತು.

ಬನ್ನಿ. ಸುತ್ತಿಕೊಂಡಾದರೂ ಬನ್ನಿ.

ನಿಮ್ಮ ಸೊಸೆ


ಮೇ 11

ಮಗಳೇ,

ಹಲ್ಲಿನ ಡಾಕ್ಟರ ಬಾಯಿಗೆ ಹೊಲಿಗೆ ಹಾಕಿಸಬೇಕು. ಹಾಕುವವರು ಯಾರು ಅನ್ನುವುದೇ ಪ್ರಶ್ನೆ.

ಗೊತ್ತಾದ ಮೇಲೆ ಮುಚ್ಚಿಟ್ಟು ಏನು ಮಾಡಲಿ. ನಾಲ್ಕು ಗಂಟೆಯಲ್ಲಿ ಏರುವುದಕ್ಕೆ ಕಾಲು ಗಂಟೆ ಕಳೆದೆ, ಉಳಿದದ್ದನ್ನು ಎಂಟುನೂರರಿಂದ ಗುಣಿಸಿದೆ, ಬೆರಳಿಟ್ಟು ಅಳೆದೆ. ಸೂಜಿ ಸಮುದ್ರದ ನಡುವೆ ಬಿತ್ತು. ಅಲ್ಲಿ ಒಂದು ದ್ವೀಪ ಕೂಡ ಇಲ್ಲ, ಬರೀ ನೀಲಿ ಬಣ್ಣ. ನಾನು ಸಮುದ್ರವನ್ನು ಕಣ್ಣಾರೆ ನೋಡಿದವಳಲ್ಲ. ಆದರೂ ಏಳು ವರ್ಷದಿಂದ ಅದರ ಸದ್ದು ನನ್ನ ಕಿವಿಯಲ್ಲಿದೆ. ಮಧ್ಯಾಹ್ನ ಬಾಗಿಲು ಎಳೆದುಕೊಂಡರೆ ಚೆನ್ನಾಗಿ ಕೇಳುತ್ತದೆ. ಬೀಗ ರಿಪೇರಿಯವನ ಅರದ ಸದ್ದು ಅಂತ ನೀನು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅವನು ರಜೆ ಹಾಕಿದ ದಿನವೂ ಕೇಳಿತು.

ಚಿಕ್ಕವನಿದ್ದಾಗ ಅವನು ಅಂಗಡಿಯ ನೆಲದ ಮೇಲೆ, ಕೌಂಟರಿನ ಹಿಂದೆ ಮಲಗುತ್ತಿದ್ದ. ಕಪಾಟಿಗೆ ಹೋಗಬೇಕಾದರೆ ಅವನನ್ನು ದಾಟಬೇಕು. ನಾನು ಬೀದಿಗೆ ಇಳಿದು, ಹಿಂಬಾಗಿಲಿಂದ ಸುತ್ತಿ ಬರುತ್ತಿದ್ದೆ. ಮಲಗಿದ ಮಗುವಿನ ಮೇಲೆ ಕಾಲೆತ್ತಿ ಇಡಲು ನನಗೆ ಆಗುತ್ತಿರಲಿಲ್ಲ, ಅಷ್ಟೇ. ನನ್ನ ಕೈಯಿಂದ ಟಿಕೆಟ್ ತೆಗೆದುಕೊಂಡವರೂ ಅವನನ್ನು ದಾಟಬಾರದು ಅಂತ ಸುತ್ತು ಹಾಕಿಸಿದೆ. ಅದರಲ್ಲಿ ನನಗೆ ಲಾಭ ಇಲ್ಲ, ಎಷ್ಟೋ ಗಿರಾಕಿಗಳು ಪಕ್ಕದ ಬೀದಿಗೆ ಹೋದರು.

ನೀವೂ ಸುತ್ತಿ ಬನ್ನಿ ಅನ್ನುತ್ತೀಯ. ಆವತ್ತೂ ಯೋಚಿಸಿದೆ. ಪೆಟ್ಟಿಗೆ ಕಟ್ಟಿದ್ದೆ. ಬೇರೆಯವರು ಸುತ್ತಿ ಹೋದರೆ ಅದು ಮರ್ಯಾದೆ. ತಾಯಿ ಸುತ್ತಿ ಹೋದರೆ ಏನು? ಮಗ ಒಂದು ಕಡೆ ಮಲಗಿರುವಾಗ, ದೂರದಿಂದ, ನೋಡದೆ, ಅವನ ಮನೆಗೇ ಊಟಕ್ಕೆ ಹೋದ ಹಾಗೆ. ದಾಟುವುದಕ್ಕೂ ಆಗದು, ಬಳಸಿ ಹೋಗುವುದಕ್ಕೂ ಆಗದು. ಮೂರನೇ ದಾರಿ ಯಾವ ವೇಳಾಪಟ್ಟಿಯಲ್ಲೂ ಇಲ್ಲ. ನಾನು ಹುಡುಕಿದ್ದೇನೆ.

ಇಷ್ಟಕ್ಕೂ ಊರಿಗೆಲ್ಲ ಟಿಕೆಟ್ ಮಾರಿದವಳು ಒಂದು ಸಲವೂ ವಿಮಾನ ಹತ್ತಿಲ್ಲ. ಅವನೇ ಛೇಡಿಸುತ್ತಿದ್ದ. ಅವನ ಜೊತೆ ಹೋಗುವುದೆಂದರೂ ಒಂದು ಪಾಡು. ಬಸ್ಸಾಗಲಿ ರೈಲಾಗಲಿ, ಎಲ್ಲರೂ ಹತ್ತಿ, ಸೀಟಿ ಊದಿದ ಮೇಲೆ ಅವನು ಹತ್ತುವುದು. ನಾನು ಒಳಗೆ ಕೂತು ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕು. "ನಾನು ಬರದೆ ಅದು ಹೇಗಮ್ಮಾ ಹೋಗುತ್ತೆ?" ಅನ್ನುತ್ತಿದ್ದ.

ವಕೀಲಮ್ಮನವರಿಗೆ ಏನಾದರೂ ಹೇಳಿ ಸಮಾಧಾನ ಮಾಡು. ಅಜ್ಜಿಗೆ ಮಂಡಿನೋವು ಅನ್ನು. ಅದು ಸುಳ್ಳೂ ಅಲ್ಲ.

ಅತ್ತೆ


ಜೂನ್ 14

ಪ್ರೀತಿಯ ಅಜ್ಜಿಗೆ,

ನಾನು ಮರಿ ಬರೆಯುತ್ತಿರುವುದು. ಬಣ್ಣದ ಪೆನ್ಸಿಲ್ ಬಂತು. ನೀಲಿಯನ್ನು ಜಾಸ್ತಿ ಕೆತ್ತಿ ಚಿಕ್ಕದಾಗಿದೆ.

ಮಂಡಿನೋವಿದ್ದರೆ ವಿಮಾನದಲ್ಲಿ ನಡೆಯುವುದು ಇರುವುದಿಲ್ಲವಂತೆ. ಕೂತಿರುವುದೇ ಅಂತೆ.

ಅಜ್ಜಿ, ನಿಮ್ಮ ಲೆಕ್ಕ ಯಾಕೆ ತಪ್ಪಾಯಿತು ಅಂತ ನಾನು ಕಂಡುಹಿಡಿದೆ. ನಿಮ್ಮ ಗುಣಾಕಾರ, ಭಾಗಾಕಾರ ಎಲ್ಲ ಸರಿ. ಗಾಳಿಯೂ ಅಲ್ಲ. ನಿಮ್ಮ ಗೋಡೆ ತಪ್ಪು. ಮೇಷ್ಟ್ರು ಶಾಲೆಯ ಭೂಗೋಳದ ಚೆಂಡನ್ನು ಒಂದು ದಿನ ಮನೆಗೆ ಕೊಟ್ಟಿದ್ದರು. ಅದರ ಮೇಲೆ ನಮ್ಮ ಎರಡು ಊರಿಗೆ ದಾರ ಬಿಗಿಯಾಗಿ ಎಳೆದೆ. ದಾರ ಸಮುದ್ರದ ಮೇಲೆ ನಿಲ್ಲಲೇ ಇಲ್ಲ. ಜಾರಿ ಜಾರಿ ಮೇಲಕ್ಕೆ ಹೋಯಿತು. ನಾನು ಕೆಳಗೆ ಎಳೆದರೆ ಸಡಿಲ ಆಯಿತು. ಬಿಗಿ ಮಾಡಿದರೆ ಮತ್ತೆ ಮೇಲಕ್ಕೆ. ಅಮ್ಮ ಹೇಳಿದಳು, ಗಾಜು ದುಂಡಗಿದ್ದರೆ ಅದರ ಮೇಲೆ ಎಳೆದ ನೇರ ಗೆರೆಯೂ ಬಾಗುತ್ತದೆ ಅಂತ. ಅಪ್ಪ ಅಂಟಿಸಿದ ನಕ್ಷೆ ಚಪ್ಪಟೆ, ಭೂಮಿ ಚಪ್ಪಟೆ ಅಲ್ಲ.

ಹಾಗಾಗಿ ವಿಮಾನ ಸಮುದ್ರದ ಮೇಲೆ ಬರುವುದಿಲ್ಲ. ನೆಲದ ಮೇಲೆಯೇ ಬರುತ್ತದೆ. ಕಾಡು, ಕೆರೆ ಎಲ್ಲ ಇರುವ ಕಡೆ. ಡಾಕ್ಟರ್ ಮಾವ ಕಾದ ಊರು ಇದೆಯಲ್ಲ, ಅದರ ಮೇಲೇ ಬರುತ್ತದೆ.

ಉತ್ತರ 5600. ಮೇಷ್ಟ್ರು ಗುಡ್ ಹಾಕಿದರು. ನೀವು ಬರದಿದ್ದರೆ ಹುಟ್ಟುಹಬ್ಬ ಇಲ್ಲ.

ನಿಮ್ಮ ಮರಿ

ಅತ್ತೆ, ಇದನ್ನು ಕಳಿಸಲೋ ಬೇಡವೋ ಎಂದು ಬಹಳ ಯೋಚಿಸಿದೆ. ಅವಳು ಮಲಗಿದ ಮೇಲೆ ಆ ಚೆಂಡಿನ ಮೇಲೆ ನಾನೇ ದಾರ ಇಟ್ಟು ನಾಲ್ಕು ಗಂಟೆಯ ದೂರ ಅಳೆದೆ. ಎರಡು ಸಲ ದಾರ ಜಾರಿಹೋಯಿತು. ಮೂರನೆಯ ಸಲ ನನ್ನ ಉಗುರು ಚಳಿಯೂರಿನ ಚುಕ್ಕೆಯ ಮೇಲೆ ನಿಂತಿತು. ಚೆಂಡಿನ ಮೇಲಿನ ಅಳತೆ, ನೂರು ಮೈಲಿ ಆ ಕಡೆ ಈ ಕಡೆ ಇರಬಹುದು. ಆದರೆ ಅಲ್ಲಿ ನೀರಿಲ್ಲ. — ಸೊಸೆ


ಜುಲೈ 21

ಅತ್ತೆ,

ಐದು ವಾರವಾಯಿತು. ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಡಾಕ್ಟರಿಗೆ ಮಾಡಿದರೆ, "ಅಂಗಡಿ ಬಾಗಿಲು ಹಾಕಿದೆಯಮ್ಮ, ಒಳಗೆ ಲೈಟ್ ಇರುತ್ತೆ, ಕರೆದ್ರೆ ಇದ್ದೀನಿ ಹೋಗಿ ಅಂತಾರೆ" ಎಂದರು.

ಕಳಿಸಬಾರದಿತ್ತೇನೋ. ಏನಾದರೂ ಬರೆಯಿರಿ. ಎರಡು ಅಂಕಿಯಾದರೂ.

ನಿಮ್ಮ ಸೊಸೆ


ಆಗಸ್ಟ್ 3

ಮಗಳೇ,

ಇದ್ದೇನೆ.

ಮೊಮ್ಮಗಳ ಕಾಗದ ಓದಿ ಮೊದಲು ಸಿಟ್ಟು ಬಂತು. ಎಂಟು ತುಂಬದ ಹುಡುಗಿ ನನ್ನ ಗೋಡೆಯೇ ತಪ್ಪು ಅಂದಳಲ್ಲ ಅಂತ. ಪುಸ್ತಕದಂಗಡಿಗೆ ಹೋಗಿ ಒಂದು ಭೂಗೋಳದ ಚೆಂಡು ತಂದೆ. "ಮೊಮ್ಮಗಳಿಗಾ ಅಮ್ಮ?" ಅಂದ ಅಂಗಡಿಯವನು. "ಇಲ್ಲಪ್ಪ, ನನಗೇ. ಪರೀಕ್ಷೇಲಿ ಫೇಲಾಗಿದೀನಿ" ಅಂದೆ.

ದಾರ ನನ್ನ ಕೈಯಲ್ಲೂ ಜಾರಿತು. ಒದ್ದೆ ಮಾಡಿ ಅಂಟಿಸಿದೆ, ಬಿಗಿ ಮಾಡಿದ ಕೂಡಲೇ ಮೇಲಕ್ಕೆ ಓಡಿತು. ನನ್ನ ಪುಸ್ತಕಗಳಲ್ಲಿ ಹೊರಡುವ ಹೊತ್ತು ಇದೆ, ಸೇರುವ ಹೊತ್ತು ಇದೆ. ನಡುವಿನ ದಾರಿಯನ್ನು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಆದರೂ ಒಂದು ಲೆಕ್ಕ ನನ್ನ ಕಣ್ಣೆದುರಿಗೇ ಇತ್ತು. ಇಲ್ಲಿಂದ ಚಳಿಯೂರಿಗೆ ನಾಲ್ಕು ಗಂಟೆ, ಚಳಿಯೂರಿಂದ ನಿಮ್ಮೂರಿಗೆ ಮೂರೂವರೆ. ಏಳು ವರ್ಷ ಈ ಎರಡು ಟಿಕೆಟನ್ನೂ ನಾನೇ ಬರೆದಿದ್ದೇನೆ. ಒಂದು ಸಲವೂ ಕೂಡಿ ನೋಡಲಿಲ್ಲ. ನಡುವೆ ಅರ್ಧ ದಿನ ಕಾಯುವುದಿತ್ತಲ್ಲ, ಸುತ್ತು ದೊಡ್ಡದು ಅಂತಲೇ ಅಂದುಕೊಂಡಿದ್ದೆ. ಸುತ್ತೇ ಅಲ್ಲ ಅದು. ಅದೇ ದಾರಿ.

ಅಂದಮೇಲೆ ನಾನು ಮಾಡಿದ್ದೇನು? ಅವನನ್ನು ಯಾರೂ ದಾಟಬಾರದು ಅಂತ, ಎಲ್ಲರನ್ನೂ ಅವನ ಮೇಲೆಯೇ ಕಳಿಸಿದ್ದೇನೆ. ಹಾಲು ಕುಡಿಯುವ ಕೂಸುಗಳನ್ನು ಕಳಿಸಿದೆ. ಹೊಸ ಮದುಮಕ್ಕಳನ್ನು, ಗೆದ್ದು ಬರುತ್ತೇವೆ ಅಂತ ಡೋಲು ಹೊಡೆಯುತ್ತಾ ಹೋದ ಫುಟ್‌ಬಾಲ್ ತಂಡವನ್ನು, ಗೊರಕೆಯ ಮುದುಕರನ್ನು, ಆ ಸಂಗೀತಗಾರನ ವಾದ್ಯವನ್ನೂ ಬೆಲ್ಟ್ ಕಟ್ಟಿ ಕಳಿಸಿದೆ. ಬರೀ ದಾಟಿಸಲೂ ಇಲ್ಲ, ಅಲ್ಲೇ ಇಳಿಸಿ, ಅರ್ಧ ದಿನ ಕೂರಿಸಿ, ಮತ್ತೆ ಹತ್ತಿಸಿದೆ. ಬಾಗಿಲು ಹಾಕಿಕೊಂಡು ಕೂತಿದ್ದು ಇದಕ್ಕೇ. ಆ ಗಲಾಟೆಯಲ್ಲಿ ಅವನಿಗೆ ನಿದ್ದೆ ಎಲ್ಲಿಂದ ಬರಬೇಕು ಅಂತ ಒಂದು ವಾರ. ಆಮೇಲಿನ ವಾರ ಬೇರೆ ಯೋಚನೆ ಬಂತು. ಗಲಾಟೆಯಿದ್ದರೇ ಅವನಿಗೆ ನಿದ್ದೆ. ಕೌಂಟರಿನ ಹಿಂದೆ, ಗಿರಾಕಿಗಳ ಕಾಲ ಸದ್ದಿನಲ್ಲಿ ಮಲಗಿ ಬೆಳೆದವನು. ಇಷ್ಟು ಜನ ಅವನ ಹತ್ತಿರ ಹೋಗಿ ಬಂದಿದ್ದಾರೆ. ಹೋಗದವಳು ನಾನೊಬ್ಬಳೇ. ಏಳು ವರ್ಷ ನಾನು ಖಾಲಿ ನೀರಿನ ಜೊತೆ ಕೂತಿದ್ದೆ, ಅವನು ಇನ್ನೊಂದು ಕಡೆ ನಿಂತು, ಅಮ್ಮ ಯಾವಾಗ ಈ ಕಡೆ ತಿರುಗುತ್ತಾಳೆ ಅಂತ ನೋಡುತ್ತಿದ್ದನೇನೋ.

ಸೂಜಿ ಕಿತ್ತೆ. ನೀಲಿಯಲ್ಲಿ ಒಂದು ಸಣ್ಣ ತೂತು ಉಳಿದಿದೆ. ಅಂದಿನಿಂದ ಸಮುದ್ರದ ಸದ್ದು ಇಲ್ಲ. ಮಧ್ಯಾಹ್ನ ಎರಡಕ್ಕೆ ಈಗಲೂ ಬಾಗಿಲು ಎಳೆಯುತ್ತೇನೆ. ಗಂಟೆ ಸರಿಯಿತ್ತು, ಜಾಗ ಒಂದೇ ತಪ್ಪು. ಈಗ ಬೇರೆ ಸದ್ದು. ನಿಲ್ದಾಣದಲ್ಲಿ ಯಾರೋ ಕಾಯುತ್ತಾ ಕಾಲು ಆಡಿಸುವ ಹಾಗೆ, ಬೆಂಚಿನ ಕೆಳಗೆ ಚಪ್ಪಲಿ ಟಪ್ ಟಪ್ ಅನ್ನುವ ಹಾಗೆ.

ಬೀಗ ರಿಪೇರಿಯವನಿಗೆ ಅಂಗಡಿಯ ಬೀಗದ ಕೈ ಕೊಟ್ಟಿದ್ದೇನೆ. "ನನ್ ಹತ್ರ ಕೊಡೋದ್ಯಾಕೆ, ನಾನು ಹೇಗೂ ತೆಗೀಬಲ್ಲೆ" ಅಂದ. ಅದೂ ಸರಿ.

ಹುಟ್ಟುಹಬ್ಬಕ್ಕೆ ಎಷ್ಟು ಜನರಿಗೆ ಅಡುಗೆ ಅಂತ ಈಗಲೇ ಲೆಕ್ಕ ಹಾಕಬೇಡ.

ಅತ್ತೆ


ಆಗಸ್ಟ್ 29
ಚಳಿಯೂರು, ವಿಮಾನ ನಿಲ್ದಾಣದ ಬೆಂಚು

ಮಗಳೇ,

ಈ ಕಾಗದಕ್ಕೆ ಅಂಚೆಚೀಟಿ ಇಲ್ಲ. ನಿನ್ನ ಕೈಗೆ ನಾನೇ ಕೊಡುತ್ತೇನೆ. ಎದುರಿಗೆ ನಿಂತಾಗ ನನಗೆ ಮಾತು ಹೊರಡದೆ ಇರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಸೀಟಿನ ಬೆಲ್ಟಿಗೆ ಕೊಂಡಿ ಹಾಕಲು ಬರದೆ ತಡಕಾಡಿದೆ. ಪಕ್ಕದಲ್ಲಿ ಕೂತ ಹುಡುಗ, "ಮೊದಲ ಸಲಾನಾ ಅಜ್ಜಿ?" ಅಂದ. "ಹೌದಪ್ಪ, ನಿನ್ನ ಟಿಕೆಟ್ ಮಾತ್ರ ನಾನೇ ಬರೆದದ್ದು" ಅಂದೆ. ನಂಬಲಿಲ್ಲ. ಎರಡು ಗಂಟೆ ಹತ್ತಿರವಾದಾಗ ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡುತ್ತಿದ್ದೆ. ಕಾಡು, ನಡುವೆ ಹೊಳೆಯುವ ಕೆರೆಗಳು, ಒಂದು ರಸ್ತೆ. ರಸ್ತೆಯ ಮೇಲೆ ಒಂದು ಹಳದಿ ಲಾರಿ. ವಿಮಾನ ನನ್ನ ಮಗನ ಮೇಲೆ ದಾಟಿ ಹೋಗಲಿಲ್ಲ. ಇಳಿಯಿತು.

ಹೊರಗೆ ಹೋಗಿ ನಿಂತೆ. ಬೇಸಿಗೆಯಂತೆ, ನನಗೆ ಹಲ್ಲು ಕಟಕಟ ಅಂದವು. ನಿಲ್ದಾಣದ ಬೇಲಿಯ ಪಕ್ಕ ಹುಲ್ಲಿದೆ. ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. ನೆಲ ಗಟ್ಟಿಯಾಗಿದೆ, ಮಗಳೇ. ನಿನ್ನ ಹತ್ತಿರ ಇರುವ ಕಾಗದದಲ್ಲಿ ಆ "ಆಕಾಶ" ಅನ್ನುವುದನ್ನು ಹೊಡೆದುಹಾಕಿ ಈ ಊರಿನ ಹೆಸರು ಬರೆದುಕೋ. ಸರ್ಕಾರ ಒಪ್ಪದಿದ್ದರೆ ಬೇಡ, ನಮ್ಮ ಮನೆಯ ಪ್ರತಿಯಲ್ಲಿ ಬರೆದುಕೋ.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕರೆಯಲಿಲ್ಲ, ಅಳಲಿಲ್ಲ. "ಹೊತ್ತಾಯ್ತು, ಎದ್ದೇಳು" ಅಂತ ಮಾತ್ರ ಅಂದೆ, ಶಾಲೆಗೆ ಎಬ್ಬಿಸುವ ದನಿಯಲ್ಲಿ.

ಇಲ್ಲಿಯವರೆಗೆ ನನ್ನದು ಒಂದೇ ಟಿಕೆಟ್. ಇಲ್ಲಿಂದ ಮುಂದಕ್ಕೆ ಎರಡು ತೆಗೆದಿದ್ದೇನೆ, ಎರಡೂ ನನ್ನ ಹೆಸರಿಗೆ. ಕೌಂಟರಿನ ಹುಡುಗಿ ಎರಡು ಸೀಟಿನ ಚೀಟಿ ನೋಡಿ, "ವಾದ್ಯ ಇದೆಯಾ?" ಅಂದಳು. ಇಲ್ಲ ಅಂದೆ. "ಇನ್ನೊಬ್ಬರು ಎಲ್ಲಿ ಹಾಗಾದ್ರೆ?"

"ಬರ್ತಾನೆ. ಅವನು ಯಾವಾಗ್ಲೂ ಕೊನೆಗೇ ಹತ್ತೋದು" ಅಂದೆ.

ಅವಳು ನನ್ನ ಮುಖ ನೋಡಿದಳು. ಏನು ಕಂಡಿತೋ, ಕಿಟಕಿಯ ಕಡೆಯ ಸೀಟನ್ನೇ ಕೊಟ್ಟಳು.

ಇಲ್ಲಿಂದ ನಿಮ್ಮೂರಿಗೆ ಮೂರೂವರೆ ಗಂಟೆ. ಲೆಕ್ಕ ಸರಿಯಿದೆ, ಎರಡು ಸಲ ನೋಡಿದ್ದೇನೆ. ಕರೆಯುತ್ತಿದ್ದಾರೆ, ಜನ ಎದ್ದು ಸಾಲು ಕಟ್ಟುತ್ತಿದ್ದಾರೆ. ನನಗೆ ಅವಸರವಿಲ್ಲ.

ಮೊಮ್ಮಗಳನ್ನು ಕರೆದುಕೊಂಡು ಬಾಗಿಲ ಹತ್ತಿರ ನಿಂತಿರು. ಬೋರ್ಡಿನಲ್ಲಿ "ಇಳಿದಿದೆ" ಅಂತ ಬಂದ ಕೂಡಲೇ ಅವಳಿಗೆ ಏನೂ ಹೇಳಬೇಡ. ಎಲ್ಲರೂ ಹೊರಗೆ ಬಂದುಬಿಡಲಿ, ಬೆಲ್ಟು ಖಾಲಿಯಾಗಲಿ. ಆಮೇಲೂ ಸ್ವಲ್ಪ ಕಾಯಿ. ನಾವು ಬರುತ್ತೇವೆ.

ನಿನ್ನ ಅತ್ತೆ